ಹಸಿ ಮೈಗೆ ಎರಡು ತಿಂಗಳ ಗಡುವು

ಪಶುಪಾಲನಾ ಕಚೇರಿಯ ಮುಖ್ಯಾಧಿಕಾರಿಗಳ ಗಮನಕ್ಕೆ

ಮಾನ್ಯರೇ,

ನಮ್ಮ ಮನೆಯ ಹಸು ಸತ್ತಿದೆ. ಪ್ರಸವೋತ್ತರ ಸೋಂಕಿನಿಂದ ಸತ್ತಿತೆಂದು ತಮ್ಮ ಕಚೇರಿ ಬರೆದುಕೊಂಡಿದೆ. ತಮ್ಮ ಅವಸರದಿಂದ ಸತ್ತಿತೆಂದು ನಾನು ಬರೆಯುತ್ತಿದ್ದೇನೆ. ಎರಡರಲ್ಲಿ ಯಾವುದು ಸರಿಯೆಂದು ಓದುವವರೇ ಹೇಳಲಿ ಎಂದು ಈ ಪತ್ರವನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ತಮ್ಮ ಮೇಜಿಗೆ ಹಿಂದೆಯೂ ಬರೆದಿದ್ದೆ. ‘ತಲುಪಿದೆ’ ಎಂಬ ಉತ್ತರ ಪ್ರತಿಸಲವೂ ತಪ್ಪದೆ ಬಂತು. ತಲುಪಿದ್ದು ಎಲ್ಲಿಗೆ ಎಂಬುದೊಂದು ತಿಳಿಯಲಿಲ್ಲ.

ನಾನು ಹೆಂಗಸರ ಬಟ್ಟೆ ಹೊಲಿಯುವವಳು. ಲಾರಿ ನಿಲ್ದಾಣದ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ನನ್ನ ಮಿಷನ್ನು, ಬಟ್ಟೆ ಕತ್ತರಿಸುವ ಮೇಜು. ಹಿಂದಿನ ಅಂಗಳದಲ್ಲಿ ತಗಡಿನ ಚಾವಣಿಯ ಕೊಟ್ಟಿಗೆ, ಅದರಲ್ಲಿ ನನ್ನ ತಂಗಿಯ ಹಸುಗಳು. ನಾಲ್ಕಿದ್ದವು. ನಮ್ಮಿಬ್ಬರಿಗೂ ಮದುವೆಯಾಗಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ, ಆಗಲಿಲ್ಲ ಅಷ್ಟೆ. ಗಿರಾಕಿಗಳ ಜೊತೆ ಮಾತು ನನ್ನ ಪಾಲು, ಹಸುಗಳ ಜೊತೆ ಮಾತು ಅವಳ ಪಾಲು. ಹಾಲು ಕೇಂದ್ರದವರು ನನ್ನ ತಂಗಿಯನ್ನು ‘ಮೌನಕ್ಕ’ ಎಂದು ಕರೆಯುತ್ತಾರೆ. ಹಸುವಿನ ಬೆನ್ನು ಉಜ್ಜುತ್ತ ಅವಳು ಹೇಳುವ ಬೀದಿಯ ಸುದ್ದಿಗಳನ್ನು ಅವರು ಕೇಳಿಸಿಕೊಂಡಿಲ್ಲ.

ಸತ್ತದ್ದು ಬೊಟ್ಟಿ. ಕಂದು ಮೈ, ಹಣೆಯ ನಡುವೆ ಬಿಳಿ ಬೊಟ್ಟು. ಹಸುವನ್ನು ನಾನು ಇಲ್ಲಿ ‘ಅವಳು’ ಎಂದೇ ಬರೆಯುತ್ತೇನೆ, ಮನ್ನಿಸಬೇಕು. ತಮ್ಮ ಕಡತದಲ್ಲಿ ಅವಳು ‘ಘಟಕ’ ಎಂದು ನನಗೆ ಗೊತ್ತಿದೆ. ತಮ್ಮ ಸುತ್ತೋಲೆಯನ್ನು ಓದಿದ್ದೇನಲ್ಲ.

ಆ ಸುತ್ತೋಲೆಯ ವಿಷಯಕ್ಕೆ ಬರುತ್ತೇನೆ. ವರ್ಷಕ್ಕೊಂದು ಕರು ಎಂಬುದು ತಮ್ಮ ಹೊಸ ಅಭಿಯಾನ. ಹಾಲು ಕೇಂದ್ರದ ಗೋಡೆಯ ಮೇಲೆ ಅದರ ಫಲಕವಿದೆ, ಫಲಕದಲ್ಲಿರುವ ಹಸು ನಗುತ್ತಿದೆ. ಕೆಳಗೆ ನಿಯಮ: ಕರು ಹಾಕಿದ ಪ್ರತಿಯೊಂದು ಹಸುವಿಗೂ ಎರಡು ತಿಂಗಳು ತುಂಬುವುದರೊಳಗೆ ಮತ್ತೆ ಕೃತಕ ಗರ್ಭಧಾರಣೆ ಆಗತಕ್ಕದ್ದು. ಆಗದಿದ್ದರೆ ಆ ಹಸು ‘ಅನುತ್ಪಾದಕ’. ಅಂಥ ಹಸುವಿರುವ ಮನೆಗೆ ರಿಯಾಯಿತಿಯ ಮೇವಿಲ್ಲ, ಸರ್ಕಾರಿ ಚಿಕಿತ್ಸೆಯಿಲ್ಲ, ಆ ಮನೆಯ ಬೇರೆ ಹಸುಗಳ ಹಾಲನ್ನೂ ಕೇಂದ್ರ ಕೊಳ್ಳುವುದಿಲ್ಲ. ನಿಯಮ ಇಷ್ಟೇ. ಇದರಲ್ಲಿ ‘ಆದರೆ’ ಎಂಬ ಪದವನ್ನು ನಾನು ಹುಡುಕಿದೆ. ಸುತ್ತೋಲೆಯ ಎರಡು ಪುಟಗಳಲ್ಲಿ ಒಂದೇ ಒಂದು ‘ಆದರೆ’ ಇಲ್ಲ.

ಊರಿನ ಹೆಂಗಸರಿಗೆಲ್ಲ ನಾನು ಒಂದೇ ಅಳತೆಯ ಅಂಗಿ ಹೊಲಿದುಕೊಟ್ಟು, ಅದು ಹಿಡಿಸದವರನ್ನು ಊರು ಬಿಡಿ ಎಂದರೆ ತಾವು ನನ್ನನ್ನು ಏನೆಂದು ಕರೆಯುತ್ತೀರಿ?

ನಮ್ಮ ಭಾಗದ ಪಶುವೈದ್ಯೆಯನ್ನು ನಾವು ಡಾಕ್ಟರಮ್ಮ ಎನ್ನುತ್ತೇವೆ. ನನಗಿಂತ ಬಹಳ ಚಿಕ್ಕವರು. ಬಸುರಿಯಾದಾಗ ಅವರ ಬಿಳಿ ಕೋಟಿನ ಪಕ್ಕಗಳನ್ನು ಬಿಚ್ಚಿ ಅಗಲ ಮಾಡಿಕೊಟ್ಟವಳು ನಾನೇ. ಅಳತೆ ಕೊಡುತ್ತ ನಿಂತಾಗ ಅವರು ನನ್ನ ತಂಗಿಗೆ ಹಸುವಿನ ಗರ್ಭಕೋಶದ ಕಥೆ ಹೇಳಿದ್ದರು. ಕರು ಹೊತ್ತ ಗರ್ಭಕೋಶ ಗೋಣಿಚೀಲದಷ್ಟು ಹಿಗ್ಗಿರುತ್ತದಂತೆ. ಕರು ಹೊರಬಿದ್ದ ಮೇಲೆ ಅದು ಕುಗ್ಗುತ್ತ ಕುಗ್ಗುತ್ತ ಮುಷ್ಟಿಯ ಗಾತ್ರಕ್ಕೆ ಮರಳಬೇಕು. ಒಳಗಿನ ಪದರ ಕಳಚಿ ಹೊಸದು ಬೆಳೆಯಬೇಕು. ಹೆರಿಗೆಯಲ್ಲಿ ಹೊಕ್ಕ ನಂಜು ಹೊರಗೆ ಹರಿಯಬೇಕು. ಮಲಗಿದ್ದ ಅಂಡಾಶಯ ಎದ್ದು ಕೂರಬೇಕು. ಇಷ್ಟೆಲ್ಲ ರಿಪೇರಿ ನಡೆಯುವ ಹೊತ್ತಿನಲ್ಲೇ ಅವಳು ತಿಂದದ್ದಕ್ಕಿಂತ ಹೆಚ್ಚನ್ನು ಹಾಲಾಗಿ ಕೊಡುತ್ತ ಇಳಿದುಹೋಗುತ್ತಿರುತ್ತಾಳೆ. “ಸುಸೂತ್ರವಾಗಿ ಹೆತ್ತವಳಿಗೆ ಎರಡು ತಿಂಗಳು ಸಾಕಾಗ್ಬಹುದು,” ಎಂದಿದ್ದರು ಡಾಕ್ಟರಮ್ಮ. “ಕಷ್ಟಪಟ್ಟು ಹೆತ್ತವಳಿಗೆ ಸಾಲಲ್ಲ. ಎಷ್ಟು ಬೇಕು ಅಂತ ಕೈ ಹಾಕಿ ನೋಡಿದ ಮೇಲೇ ಹೇಳೋಕಾಗೋದು.” ಅಂದರೆ ತಮ್ಮ ಗಡುವು ಪೂರ್ತಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ಕೆಲವರಿಗೆ ನಿಜ. ಅದನ್ನು ತಾವು ಎಲ್ಲರ ಮೇಲೂ ಹೇರಿದಿರಿ.

ಡಾಕ್ಟರಮ್ಮನಿಗೆ ಹೊಟ್ಟೆ ಕೊಯ್ದು ಹೆಣ್ಣುಮಗು ತೆಗೆದರು. ಹೆರಿಗೆ ರಜೆಯಲ್ಲಿ ಮನೆಯಲ್ಲಿದ್ದರು. ಅಷ್ಟರಲ್ಲಿ ತಮ್ಮ ಅಭಿಯಾನ ಶುರುವಾಯಿತು, ಅದು ಮುಗಿಯುವವರೆಗೆ ಎಲ್ಲರ ರಜೆ ರದ್ದು ಎಂಬ ಆದೇಶ ಹೊರಟಿತು. ಹೆರಿಗೆ ರಜೆಯೂ ಸೇರಿದೆ ಎಂದು ಅದರಲ್ಲಿ ಇರಲಿಲ್ಲವಂತೆ, ಸೇರಿಲ್ಲ ಎಂದೂ ಇರಲಿಲ್ಲವಂತೆ. ಅವರು ಫೋನ್ ಮಾಡಿ ಕೇಳಿದರು. “ನಿಮ್ಮ ವಿವೇಚನೆಗೆ ಬಿಟ್ಟದ್ದು. ಆದ್ರೆ ನಿಮ್ಮ ಭಾಗದ ಗುರಿ ತಪ್ಪಿದ್ರೆ ಉತ್ತರ ನೀವೇ ಕೊಡಬೇಕು,” ಎಂದರಂತೆ ತಮ್ಮ ಕಚೇರಿಯವರು. ನಾನು ಸುತ್ತೋಲೆಯಲ್ಲಿ ಹುಡುಕಿ ಸೋತ ‘ಆದರೆ’ ಅಲ್ಲಿ ಸಿಕ್ಕಿತು ನೋಡಿ. ಅವರು ಮಗುವನ್ನು ಅದರ ಅಜ್ಜಿಯ ಕೈಗಿಟ್ಟು ಜೀಪು ಹತ್ತಿದರು.

ಬೊಟ್ಟಿಗೆ ನೋವು ಶುರುವಾದದ್ದು ಬೆಳಿಗ್ಗೆ. ಮಧ್ಯಾಹ್ನವಾದರೂ ಕರುವಿನ ಕಾಲು ಕಂಡಿತೇ ಹೊರತು ತಲೆ ಕಾಣಲಿಲ್ಲ. ತಗಡು ಕಾದು ಕೊಟ್ಟಿಗೆ ಒಲೆಯಾಗಿತ್ತು. ತಂಗಿ ಪೈಪು ಹಿಡಿದು ತಗಡಿನ ಮೇಲೆ ನೀರು ಬಿಡುತ್ತಿದ್ದಳು. ಡಾಕ್ಟರಮ್ಮ ಬಂದವರೇ ಕೈಗವಸು ಹಾಕಿಕೊಂಡು ಭುಜದವರೆಗೆ ಕೈ ತೂರಿಸಿ, ಕಣ್ಣು ಮುಚ್ಚಿ, ಒಳಗಿನದನ್ನು ಬೆರಳಿನಲ್ಲೇ ಓದಿದರು.

“ತಲೆ ಹಿಂದಕ್ಕೆ ತಿರುಗಿದೆ,” ಎಂದರು. “ಜೀವ ಇದೆ. ತಿರುಗಿಸ್ಬೇಕು.”

“ನಿಮಗೆ ಭಾರ ಎಳೀಬಾರದು ಅಂದಿದ್ದಾರಲ್ಲ,” ಎಂದಳು ತಂಗಿ.

“ಇವಳಿಗೂ ಯಾರಾದ್ರೂ ಹೇಳ್ಬೇಕಿತ್ತು,” ಎಂದು ನಕ್ಕರು ಡಾಕ್ಟರಮ್ಮ.

ಎಷ್ಟು ಹೊತ್ತು ಹೆಣಗಿದರೋ. ಬೊಟ್ಟಿ ತಿಣುಕಿದಾಗಲೆಲ್ಲ ಅವರ ತೋಳು ಒಳಗೆ ನುಜ್ಜಾಗುತ್ತಿತ್ತು. ಕೊನೆಗೆ ತಲೆ ದಾರಿಗೆ ಬಂತು. ಹಗ್ಗ ಹಾಕಿ ತಂಗಿ, ಜೀಪಿನ ಡ್ರೈವರು, ನಾನು ಎಳೆದೆವು. ಡಾಕ್ಟರಮ್ಮ ದೂರ ನಿಲ್ಲಲಿಲ್ಲ. ಕರುವಿನ ಭುಜ ಸಿಕ್ಕಿಕೊಂಡಾಗ ತಾವೂ ಹಗ್ಗಕ್ಕೆ ಕೈ ಹಾಕಿದರು. ಕರು ಜಾರಿ ಬಂದು ಹುಲ್ಲಿನ ಮೇಲೆ ಬಿತ್ತು. ಹೆಣ್ಣು. ಉಸಿರಾಡುತ್ತಿತ್ತು. ತಂಗಿ ಅದರ ಮೂಗು ಒರೆಸುತ್ತಿದ್ದಾಗ ನಾನು ಹಿಂತಿರುಗಿ ನೋಡಿದೆ. ಡಾಕ್ಟರಮ್ಮ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. ಅದು ಕೋಟಿನ ಮೇಲಿತ್ತು, ಹೊಟ್ಟೆಯ ಕೆಳಗೆ, ಒಳಗಿನಿಂದ ಹೊರಕ್ಕೆ ಹರಡುತ್ತಿತ್ತು. ಹಸುವಿನ ರಕ್ತ ಸಿಡಿದರೆ ಹಾಗೆ ಕಾಣುವುದಿಲ್ಲ. ಬಟ್ಟೆಯ ಕಲೆ ಎತ್ತಲಿಂದ ಬಂತೆಂದು ನನಗೆ ಗೊತ್ತಾಗುತ್ತದೆ, ಮಾನ್ಯರೇ. ನನ್ನ ಕಸುಬೇ ಅದು.

ಮುಂದಿನ ಕೋಣೆಗೆ ಕರೆತಂದು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗಿಸಿದೆ. ಹೊಲಿಗೆ ಬಿಟ್ಟಿತ್ತು. ಮಡಿಸಿದ ಹೊಸ ಬಟ್ಟೆಯನ್ನು ಒತ್ತಿ ಹಿಡಿದುಕೊಂಡೆ. ಡ್ರೈವರು ಜೀಪನ್ನು ಬಾಗಿಲಿಗೆ ತರುವಷ್ಟರಲ್ಲಿ ಅವರು ನನ್ನ ತಂಗಿಯನ್ನು ಕರೆದರು.

“ಮಾಸು ಇನ್ನೂ ಬಿದ್ದಿಲ್ಲ. ನೇತಾಡ್ತಿದೆ ಅಂತ ಎಳೀಬೇಡ. ಜ್ವರ ನೋಡ್ತಿರು, ಔಷಧಿ ಕಳಿಸ್ತೀನಿ. ಒಳಗೆ ತುಂಬ ಗಾಯ ಆಗಿದೆ ಅವಳಿಗೆ. ನಾನು ನೋಡಿ ಹೇಳೋವರೆಗೂ ಯಾರೂ ಅವಳ ಹತ್ತಿರ ಹೋಗೋದು ಬೇಡ. ಗಡುವು ಗಿಡುವು ಅಂತ ಬಂದ್ರೆ ನನ್ನ ಹೆಸರು ಹೇಳು.”

“ಆಯ್ತು. ನೀವು ಮಾತಾಡ್ಬೇಡಿ,” ಎಂದಳು ತಂಗಿ.

ಗಾಯಕ್ಕೆ ನಂಜೇರಿ ಡಾಕ್ಟರಮ್ಮ ಆಸ್ಪತ್ರೆಯಲ್ಲೇ ಉಳಿಯಬೇಕಾಯಿತು. ಮತ್ತೊಮ್ಮೆ ಹೊಲಿದರು. ಇತ್ತ ಬೊಟ್ಟಿಯ ಮಾಸು ಕೊಳೆತು ತುಂಡುತುಂಡಾಗಿ ಬಿತ್ತು. ಜ್ವರ ಬಂತು. ಡಾಕ್ಟರಮ್ಮ ಡ್ರೈವರನ ಕೈಯಲ್ಲಿ ಔಷಧಿ ಕಳಿಸಿ, ಆಸ್ಪತ್ರೆಯ ಹಾಸಿಗೆಯಿಂದಲೇ ಫೋನಿನಲ್ಲಿ ನನ್ನ ತಂಗಿಗೆ ಸೂಜಿ ಚುಚ್ಚುವುದನ್ನು ಕಲಿಸಿದರು. ಮನುಷ್ಯರೆದುರು ಬಾಯಿ ಬಿಡದ ನನ್ನ ತಂಗಿ ಗೋದಲಿಯ ಕಟ್ಟೆಯ ಮೇಲೆ ಕೂತು ದಿನಾ ಹರಟಲು ಶುರುಮಾಡಿದಳು. ನಾನು ಮಿಷನ್ನಿನ ಕಾಲು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದೆ.

“ಇವತ್ತು ಬೂಸಾ ಪೂರ್ತಿ ತಿಂದ್ಲು. ನೀವು?”

ಅತ್ತಲಿಂದ ಏನೋ ಉತ್ತರ.

“ಅರ್ಧ ಬಿಟ್ರಾ? ಹಾಗಾದ್ರೆ ನಿಮಗಿಂತ ಇವಳೇ ವಾಸಿ.”

ಬೊಟ್ಟಿಗೆ ಜ್ವರ ಇಳಿಯಿತು. ಹಾಲು ಏರಿತು. ಕರು ಕೆಚ್ಚಲಿಗೆ ಗುದ್ದುವಾಗ ಅವಳು ಮತ್ತೆ ತಿರುಗಿ ಅದರ ಬಾಲ ನೆಕ್ಕತೊಡಗಿದಳು. ಆದರೆ ಸ್ರಾವ ಇನ್ನೂ ಮೋಡದ ಬಣ್ಣದ್ದೇ ಇತ್ತು, ವಾಸನೆ ಪೂರ್ತಿ ಹೋಗಿರಲಿಲ್ಲ. ಬೆದೆಗೆ ಬಂದಿರಲಿಲ್ಲ. “ಬರ್ತಾಳೆ, ಅವಸರ ಬೇಡ. ಮೊದಲನೇ ಬೆದೆ ಬಂದ್ರೂ ಬಿಟ್ಟುಬಿಡು, ಅದು ಒಳಗೆ ತೊಳ್ಕೊಳ್ಳೋಕೆ,” ಎಂದಿದ್ದರು ಡಾಕ್ಟರಮ್ಮ. ಅಷ್ಟು ಹೊತ್ತಿಗೆ ಅವರು ಮನೆಗೆ ಬಂದಿದ್ದರು, ಇನ್ನೂ ನೆಟ್ಟಗೆ ನಿಲ್ಲಲಾಗುತ್ತಿರಲಿಲ್ಲ.

ತಮ್ಮ ಅಭಿಯಾನದ ತಂಡ ಮೊದಲ ಸಲ ಬಂದದ್ದು ಆಗ. ಒಬ್ಬ ಮೇಲ್ವಿಚಾರಕರು, ಕೃತಕ ಗರ್ಭಧಾರಣೆಯ ಸೂಜಿ ಹಾಕುವವನೊಬ್ಬ. ಮೇಲ್ವಿಚಾರಕರ ಕೈಯಲ್ಲಿ ಹಲಗೆಯಂಥ ಫೋನು. ಬೊಟ್ಟಿಯ ಕಿವಿಯೋಲೆಯ ನಂಬರು ಒತ್ತಿದರು. ಪರದೆ ಕೆಂಪಾಯಿತು.

“ಗಡುವು ಹತ್ತಿರ ಬಂತು. ಬೆದೆಗೆ ತರೋ ಇಂಜೆಕ್ಷನ್ ಇವತ್ತೇ ಕೊಟ್ಟುಬಿಡೋಣ,” ಎಂದರು.

“ಒಳಗೆ ವಾಸಿಯಾಗಿಲ್ಲ,” ಎಂದಳು ತಂಗಿ. “ಡಾಕ್ಟರಮ್ಮ ಬೇಡ ಅಂದಿದ್ದಾರೆ.”

“ಅವರು ರಜೆ ಮೇಲಿದ್ದಾರೆ. ಅವರು ಬಾಯಲ್ಲಿ ಹೇಳಿದ್ದು ಇದರಲ್ಲಿ ಬರಲ್ಲವಲ್ಲಮ್ಮ.”

“ಇದರಲ್ಲಿ ಬರಲ್ಲ, ಸರಿ. ಅವಳ ಹೊಟ್ಟೆ ಒಳಗೆ ಇದೆ. ಕೈ ಹಾಕಿ ನೋಡಿ.”

ಸೂಜಿ ಹಾಕುವವನು ಮೇಲ್ವಿಚಾರಕರ ಮುಖ ನೋಡಿದ. ಪಾಪ, ಅವನಿಗೂ ನಿದ್ದೆಯಿಲ್ಲದ ಕಣ್ಣು. ಮೇಲ್ವಿಚಾರಕರು ಹೇಳಿದರು: “ನೋಡ್ತಾ ಕೂತ್ರೆ ದಿನಕ್ಕೆ ಎಷ್ಟು ಮನೆ ಆಗುತ್ತೆ? ನೀವು ಒಪ್ಪದಿದ್ರೆ ನಾಲ್ಕೂ ಹಸುವಿನ ಹಾಲು ನಿಲ್ಲುತ್ತೆ.”

“ನಿಲ್ಲಿಸಿ,” ಎಂದಳು ನನ್ನ ತಂಗಿ.

ಅವರು ಹೋದರು. ಹಾಲನ್ನು ಬೀದಿಯವರಿಗೇ ಮಾರಿದರಾಯಿತು ಎಂದುಕೊಂಡೆವು. ಒಂದು ‘ಬೇಡ’ಕ್ಕೆ ಇನ್ನೂ ಬೆಲೆಯಿದೆ ಎಂದು ನಂಬಿ ಆ ದಿನ ಸಮಾಧಾನವಾಗಿ ಉಂಡೆವು. ಇದನ್ನು ಬರೆಯುವಾಗ ಆ ಸಮಾಧಾನವೇ ಹೆಚ್ಚು ನೋಯಿಸುತ್ತಿದೆ.

ಗಡುವಿನ ಕೊನೆಯ ದಿನ ನನ್ನ ತಂಗಿ ಮನೆಯಲ್ಲಿರಲಿಲ್ಲ. ಹಾಲಿನ ಕ್ಯಾನು ಹಿಡಿದು ಡಾಕ್ಟರಮ್ಮನನ್ನು ನೋಡಲು ಹೋಗಿದ್ದಳು. ಯಾರ ಮನೆಗೂ ಹೋಗದವಳು ಒಗೆದ ಬಟ್ಟೆ ಉಟ್ಟು, ತಲೆ ಬಾಚಿಕೊಂಡು, “ಮಗು ನೋಡಿ ಬರ್ತೀನಿ ಅಕ್ಕಾ,” ಎಂದು ಹೊರಟಾಗ ನನಗೆ ಖುಷಿಯಾಗಿತ್ತು. ನಾನು ಮುಂದಿನ ಕೋಣೆಯಲ್ಲಿ ಗಿರಾಕಿಯ ಅಳತೆ ತೆಗೆಯುತ್ತಿದ್ದೆ. ಹಿಂದೆ ಕಬ್ಬಿಣದ ಬಕೆಟ್ ಉರುಳಿದ ಸದ್ದಾಯಿತು. ಕರು ಬೀಳಿಸಿತೆಂದುಕೊಂಡೆ. ಟೇಪು ಕೊರಳಿಗೆ ಹಾಕಿಕೊಂಡೇ ಹೋಗಿ ನೋಡಿದರೆ, ಅದೇ ಸೂಜಿ ಹಾಕುವವನು ಕೈಗವಸು ಕಳಚುತ್ತಿದ್ದ. ಹಿಂಬದಿಯ ಗಲ್ಲಿಯಿಂದ ಒಳಗೆ ಬಂದಿದ್ದರು. ಬೆದೆಗೇ ಬಾರದವಳಿಗೆ ಗರ್ಭಧಾರಣೆಯ ಕಡ್ಡಿ ತೂರಿಸಿ, ಕಣ್ಣು ಮುಚ್ಚಿ ಬಿಡುವುದರೊಳಗೆ ಕೆಲಸ ಮುಗಿಸಿದ್ದರು.

“ಯಾರನ್ನ ಕೇಳಿ ಮಾಡಿದ್ರಿ?” ಎಂದೆ.

“ಕೇಳೋದೇನಿದೆ ಅಮ್ಮಾ, ಕಿವಿಯಲ್ಲಿ ನಂಬರ್ ಇದೆಯಲ್ಲ,” ಎಂದರು ಮೇಲ್ವಿಚಾರಕರು. ಕೋಪದಿಂದಲ್ಲ, ಬೆದರಿಕೆಯಿಂದಲೂ ಅಲ್ಲ. ಬಸ್ಸಿನ ಹೊತ್ತು ಹೇಳುವವರ ಹಾಗೆ ಹೇಳಿದರು. ಪರದೆ ನನಗೆ ತೋರಿಸಿದರು. ಹಸಿರಾಗಿತ್ತು. “ನಿಮಗೇ ಒಳ್ಳೇದಾಯ್ತು. ನಾಳೆಯಿಂದ ಹಾಲು ತಗೋತಾರೆ.”

ಕೈಗವಸಿನ ಬೆರಳುಗಳಲ್ಲಿ ರಕ್ತವಿತ್ತು. ಅದನ್ನು ನಾನು ಕಂಡದ್ದನ್ನು ಸೂಜಿ ಹಾಕುವವನು ಕಂಡ. ತಲೆ ತಗ್ಗಿಸಿ ಅದನ್ನು ಒಳಮಗ್ಗುಲಿಗೆ ಮಡಿಸಿ ಚೀಲಕ್ಕೆ ಹಾಕಿಕೊಂಡ.

ಸಂಜೆ ಬೊಟ್ಟಿ ಮೇವು ಮುಟ್ಟಲಿಲ್ಲ. ಬೆನ್ನು ಬಿಲ್ಲಿನ ಹಾಗೆ ಬಾಗಿಸಿ ನಿಂತಿದ್ದಳು. ಮರುದಿನ ಕಿವಿಗಳು ತಣ್ಣಗಿದ್ದವು, ಮುಟ್ಟಿದರೆ ಹಲ್ಲು ಕಡಿಯುತ್ತಿದ್ದಳು. ತಂಗಿ ಡಾಕ್ಟರಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದಳು. ಸ್ವಲ್ಪ ಹೊತ್ತಿಗೆ ಬಾಡಿಗೆ ಕಾರೊಂದು ನಮ್ಮ ಬಾಗಿಲಿಗೆ ಬಂತು. ಒಂದು ಕೈಯಲ್ಲಿ ಹೊಟ್ಟೆ, ಇನ್ನೊಂದರಲ್ಲಿ ಗೋಡೆ ಹಿಡಿದುಕೊಂಡು ಅವರು ಕೊಟ್ಟಿಗೆಗೆ ನಡೆದರು. ಪರೀಕ್ಷೆ ಮಾಡಿದರು. ಕೈ ತೊಳೆದುಕೊಂಡು, ಬಹಳ ಹೊತ್ತು ಅದನ್ನು ಒರೆಸುತ್ತಲೇ ನಿಂತರು.

“ಒಳಗೆ ತೂತಾಗಿದೆ. ಹಣ್ಣಾದ ಗಾಯದ ಮೇಲೆ ಕಡ್ಡಿ ತೂರಿಸಿದ್ದಾರೆ. ನಂಜು ಹೊಟ್ಟೆಗೆಲ್ಲ ಇಳಿದಿದೆ.”

“ಏನು ಮಾಡೋದು?” ಎಂದಳು ತಂಗಿ.

“ನೋವಿಗೆ ಔಷಧಿ ಕೊಡ್ತೀನಿ.”

ಅಷ್ಟೇ ಹೇಳಿದರು. ತಂಗಿಗೆ ಅರ್ಥವಾಯಿತು. ಅವಳು ಬೊಟ್ಟಿಯ ಕೊರಳ ಹಗ್ಗ ಬಿಚ್ಚಿ ಪಕ್ಕದಲ್ಲಿ ಕೂತಳು. ಮರುದಿನ ಬೆಳಿಗ್ಗೆ ಕಾಯಿಸಿದ ನೀರು ತರಲು ನಾನು ಒಳಗೆ ಹೋಗಿ ಬರುವುದರೊಳಗೆ ಬೊಟ್ಟಿ ಹೋಗಿದ್ದಳು. ಡಾಕ್ಟರಮ್ಮ ಮತ್ತೆ ಬಂದರು. ಗೋದಲಿಯ ಕಟ್ಟೆಯ ಮೇಲೆ ಇಬ್ಬರೂ ಅಕ್ಕಪಕ್ಕ ಕೂತರು.

“ನಾನು ಎರಡು ದಿನ ಮುಂಚೆ ಎದ್ದು ಬರ್ಬೇಕಿತ್ತು,” ಎಂದರು ಡಾಕ್ಟರಮ್ಮ.

“ನೀವು ಇನ್ನೂ ಎರಡು ತಿಂಗಳು ಮಲಗ್ಬೇಕಿತ್ತು,” ಎಂದಳು ನನ್ನ ತಂಗಿ.

ಮಾನ್ಯರೇ, ಆಮೇಲೆ ನಡೆದದ್ದು ತಮಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು. ರಜೆಯಲ್ಲಿದ್ದವರು ಅನುಮತಿಯಿಲ್ಲದೆ ಹಸುವನ್ನು ಏಕೆ ಪರೀಕ್ಷಿಸಿದಿರಿ ಎಂದು ಡಾಕ್ಟರಮ್ಮನಿಗೆ ವಿವರಣೆ ಕೇಳಿದಿರಿ. ರಜೆಯಲ್ಲಿದ್ದಾಗ ಎದ್ದು ಬನ್ನಿ ಎಂದವರೂ ತಾವೇ, ಎದ್ದು ಏಕೆ ಬಂದಿರಿ ಎನ್ನುವವರೂ ತಾವೇ. ಅವರು ಉತ್ತರ ಕೊಟ್ಟಿಲ್ಲ. ಕೆಲಸಕ್ಕೆ ಮರಳುತ್ತಾರೋ ಇಲ್ಲವೋ, ನಾವು ಕೇಳುವುದಿಲ್ಲ. ಅವರ ಜೀಪು ಪಶು ಆಸ್ಪತ್ರೆಯ ಮುಂದೆ ನಿಂತಿದೆ. ಡ್ರೈವರು ದಿನಾ ಅದರ ಗಾಜು ಒರೆಸುತ್ತಾನೆ. ಅಭಿಯಾನ ಗುರಿ ಮುಟ್ಟಿತೆಂದು ಹಾಲು ಕೇಂದ್ರದಲ್ಲಿ ಹೊಸ ಫಲಕ ಬಂದಿದೆ. ಮುಟ್ಟಿದವರ ಪೈಕಿ ಬೊಟ್ಟಿಯೂ ಇದ್ದಾಳೆ. ಕಳೆದ ವಾರ ನನ್ನ ತಂಗಿಯ ಫೋನಿಗೆ ತಮ್ಮ ಕಚೇರಿಯ ಸಂದೇಶ ಬಂತು: ತಮ್ಮ ಹಸುವಿನ ಗರ್ಭ ತಪಾಸಣೆಗೆ ದಿನ ಹತ್ತಿರವಾಗಿದೆ, ಹಸುವನ್ನು ಕಟ್ಟಿ ಸಿದ್ಧವಾಗಿಡಿ. ಅವಳು ಅದನ್ನು ನನಗೆ ಓದಿ ಹೇಳಿದಳು, ಮತ್ತೊಮ್ಮೆ ತನಗೇ ಓದಿಕೊಂಡಳು. ಆಮೇಲೆ ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸಲು ಹೋದಳು. ಎಲ್ಲಿ ಕಟ್ಟಿಡಬೇಕೆಂದು ತಾವೇ ಹೇಳಿ. ಹೂತ ಜಾಗವನ್ನು ತೋರಿಸುತ್ತೇವೆ.

ನನ್ನ ತಂಗಿ ಅತ್ತಿಲ್ಲ. ಹಸುಗಳ ಬೆನ್ನುಜ್ಜುವಾಗ ಈಗ ಸುದ್ದಿ ಹೇಳುವುದಿಲ್ಲ, ಅಷ್ಟೆ. ಕೊಟ್ಟಿಗೆಯಿಂದ ಬರುವ ಬ್ರಷ್ಷಿನ ಸದ್ದೊಂದನ್ನೇ ಕೇಳುತ್ತ ಹೊಲಿಯುವುದು ನನಗಿನ್ನೂ ಅಭ್ಯಾಸವಾಗಿಲ್ಲ.

ನಮಗೆ ಪರಿಹಾರ ಬೇಡ, ಇನ್ನೊಂದು ಹಸುವೂ ಬೇಡ. ಬೇಕಾದದ್ದು ಇಷ್ಟು. ಕರು ಹಾಕಿದ ಹಸುವಿಗೆ ಮತ್ತೆ ಯಾವಾಗ ಎಂಬುದನ್ನು ಅವಳನ್ನು ಪರೀಕ್ಷೆ ಮಾಡಿದ ವೈದ್ಯರು ಹೇಳಬೇಕು, ಗೋಡೆಯ ಮೇಲಿನ ಫಲಕವಲ್ಲ. ಸಾಕಿದವರು ಬೇಡವೆಂದರೆ ಆ ಮಾತು ತಮ್ಮ ಪರದೆಯಲ್ಲಿ ಕಾಣಬೇಕು, ಅದು ಯಾವ ಬಣ್ಣದಲ್ಲಾದರೂ ಇರಲಿ. ಹೆತ್ತು ಮಲಗಿದ ವೈದ್ಯೆಯನ್ನು ಎಬ್ಬಿಸುವ ಅಧಿಕಾರ ಯಾರ ವಿವೇಚನೆಗೂ ಇರಬಾರದು. ಡಾಕ್ಟರಮ್ಮನಿಗೆ ಕಳಿಸಿದ ಕಾಗದವನ್ನು ವಾಪಸು ಪಡೆಯಬೇಕು. ನಮ್ಮ ಕೊಟ್ಟಿಗೆಯಲ್ಲಿ ಇನ್ನೊಬ್ಬಳಿಗೆ ಈಗ ದಿನ ತುಂಬುತ್ತಿದೆ. ಅವಳು ಹೆರುವ ಮೊದಲು ಇದಕ್ಕೆ ಉತ್ತರ ಬರಬೇಕು. ‘ತಲುಪಿದೆ’ ಎಂಬ ಉತ್ತರ ಸಾಲದು.

ಈ ಪತ್ರವನ್ನು ತಂಗಿಗೆ ಓದಿ ಹೇಳಿದೆ. ಅವಳು ಕೊಟ್ಟಿಗೆಯ ಬಾಗಿಲಿಗೆ ಒರಗಿ ಕೇಳಿದಳು.

“ಅವಳು ಒದೀಲಿಲ್ಲ ಅಂತ ಬರಿ,” ಎಂದಳು.

“ಯಾವಾಗ?”

“ಅವತ್ತು. ಅವರು ಕಾಲು ಕಟ್ಟಿರಲಿಲ್ಲ ಅಂತ ನೀನೇ ಹೇಳಿದ್ಯಲ್ಲ. ಅಷ್ಟು ನೋವಾದ್ರೂ ಸುಮ್ನೆ ನಿಂತಿದ್ದಾಳೆ. ಡಾಕ್ಟರಮ್ಮನೇ ಬಂದಿದ್ದಾರೆ ಅಂದ್ಕೊಂಡಿರ್ಬೇಕು.”

ಬರೆದಿದ್ದೇನೆ.

ಇಂತಿ,
ತಮ್ಮ ದಾಖಲೆಯಲ್ಲಿ ‘ಫಲಾನುಭವಿ’ ಎಂದು ನಮೂದಾಗಿರುವವಳ ಅಕ್ಕ,
ಲಾರಿ ನಿಲ್ದಾಣದ ಹಿಂದಿನ ಬೀದಿಯ ಹೊಲಿಗೆಯವಳು